ಬ್ಯಾಟರಿಗೂ ಅಮಾವಾಸ್ಯೆ

ಬುಕ್ಕಸಾಗರದ ಹೋಟೆಲಿನ ಮುಂದೆ ಬೈಕ್ ನಿಲ್ಲಿಸಿ ಮಿರ್ಚಿ ತಿಂದ ಮೇಲೆ ಜಂಬುನಾಥನಿಗೆ ತಾನು ತಿಂದದ್ದು ಒಂದೋ ಎರಡೋ ಎಂಬ ಅನುಮಾನ ಬಂತು. ತಟ್ಟೆಯಲ್ಲಿ ಎರಡು ತೊಟ್ಟು ಬಿದ್ದಿದ್ದವು. ಹಾಗಾದರೆ ಎರಡು. ಖಾರ ಹತ್ತಿದ ನೆನಪಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇದ್ದರೂ ಇಲ್ಲದಂತೆ ಆಗುತ್ತದಲ್ಲ, ಕೆಲವು ತಿಂಗಳಿಂದ ಅವನಿಗೆ ಹಾಗೇ ಆಗಿತ್ತು. ದವಡೆಯೊಂದರಲ್ಲೇ ಅಲ್ಲ, ಎಲ್ಲ ಕಡೆ.

ಇವತ್ತು ಹನ್ನೆರಡು ಗಂಟೆಗೆ ಹೊಸಪೇಟೆಯ ಕೋರ್ಟಿನಲ್ಲಿ ಅವನ ನಾಲ್ಕು ವರ್ಷದ ಮದುವೆ ಮುಗಿಯುವುದಿತ್ತು. ಅವನೂ ಶಾಂಭವಿಯೂ ಒಪ್ಪಿಯೇ ಅರ್ಜಿ ಹಾಕಿ ಆರು ತಿಂಗಳಾಗಿತ್ತು. ಕೊನೆಯ ಸಲ ನ್ಯಾಯಾಧೀಶರು ಇಬ್ಬರನ್ನೂ ಕೇಳುತ್ತಾರೆ, ಇಬ್ಬರೂ ಹೌದು ಅನ್ನಬೇಕು, ಅಷ್ಟೆ. ಶಾಂಭವಿ ಹೋದ ತಿಂಗಳು ತವರಿನ ಅಕ್ಕಿ ಮಿಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅದಕ್ಕೇ ವಕೀಲ ಪರಶುರಾಮ್ ಅವಳು ಮನೆಯಿಂದಲೇ ವಿಡಿಯೋದಲ್ಲಿ ಹಾಜರಾಗುವುದಕ್ಕೆ ಅನುಮತಿ ತೆಗೆದುಕೊಂಡಿದ್ದರು. ಮೂರು ತಾರೀಖು ಕೊಟ್ಟು ಯಾವುದು ಆಗುತ್ತದೆ ಎಂದು ಕೇಳಿದ್ದರು. ಜಂಬುನಾಥ ಯಾವುದಾದರೂ ಆದೀತು ಅಂದಿದ್ದ. ಶಾಂಭವಿ ಇವತ್ತಿನದನ್ನು ಆರಿಸಿದ್ದಳು.

ಯಾಕೆ ಬಿಡುತ್ತಿದ್ದಾರೆ ಎಂದು ಜನ ಕೇಳಿದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಜಗಳವಾದರೂ ಆಗಿದ್ದರೆ ಹೇಳಬಹುದಿತ್ತು. ಅವಳು ಮಿಲ್ಲಿನ ಪೂಜೆಗೆಂದು ತವರಿಗೆ ಹೋದವಳು ಬರಲಿಲ್ಲ. ನಾಲ್ಕನೇ ದಿನ ಇವನು ಫೋನ್ ಮಾಡಿ, “ಯಾವಾಗ ಬರ್ತಿ?” ಅಂದ. “ಇದನ್ನ ಕೇಳಾಕ ನಾಕು ದಿನ ಬೇಕಾತೇನು?” ಅಂದಳು. ಅಲ್ಲಿಗೆ ಮುಗಿದಿತ್ತು. ಕಾಗದಕ್ಕೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಚಹಾ ಬರುವಷ್ಟರಲ್ಲಿ ಫೋನ್ ಬಂತು. ಶಾಂಭವಿಯ ತಂದೆ ಕೊಟ್ರಯ್ಯ.

“ಅಳಿಯಂದ್ರ,” ಅಂದವರು ಅಲ್ಲೇ ನಿಂತರು. ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದರು. “ಜಂಬುನಾಥ್, ನೆಟ್ ಬರವಲ್ದು ನೋಡ್ರಿ. ಮುಂಜಾನಿಂದ ಇಲ್ಲ. ಡಬ್ಬಿ ಮ್ಯಾಲೆ ಕೆಂಪು ಲೈಟ್ ಐತಿ.”

“ಒಮ್ಮಿ ಆಫ್ ಮಾಡಿ ಆನ್ ಮಾಡಿದ್ರೇನ್ರಿ?”

“ಮೂರು ಸಲ ಮಾಡೀನಿ. ಆಕಿ ನೋಡಿದ್ರ ಬಿಡಪ್ಪ, ಹೋದ್ರ ಹೋಗ್ಲಿ ಅಂತ ಕುಂತಾಳ. ಹೆಂಗ ಬಿಡಾಕ ಬರ್ತೈತಿ, ಇವತ್ತಾ...” ಇವತ್ತು ಏನು ಎಂಬುದನ್ನು ಅವರು ಹೇಳಲಿಲ್ಲ. “ಮೊಬೈಲ್‌ನಾಗ ಮಾಡಿ ನೋಡಿದ್ವಿ. ನಿಮಗ ಗೊತ್ತಲ್ಲ, ಗುಡ್ಡದ ಹಿಂದ ಮಾತಾ ತುಂಡು ತುಂಡು ಬರ್ತೈತಿ, ಮುಖ ಎಲ್ಲಿಂದ ಬರಬೇಕು.”

ಅವರು ಇಟ್ಟ ಕೂಡಲೇ ವಕೀಲರದು.

“ಜಂಬುನಾಥ್, ನಿಮ್ಮ ಕಂಪನಿ ನೆಟ್ ನಿಮ್ಮ ಕೇಸಿಗೇ ಕೈ ಕೊಟ್ಟೈತೆಲ್ಲ ಮಾರಾಯ್ರ,” ಅಂದು ಪರಶುರಾಮ್ ತಾವೇ ನಕ್ಕರು. ಇವನು ನಗದಿದ್ದುದು ಗೊತ್ತಾಗಿ ದನಿ ಇಳಿಸಿದರು. “ನೋಡ್ರಿ, ಜಡ್ಜ್ ಮೇಡಂಗೆ ವರ್ಗ ಆಗೈತಿ. ಈ ವಾರ ಕೊನೀದು. ಇವತ್ತು ನಿಮ್ಮನಿಯವ್ರು ವಿಡಿಯೋಕ್ಕ ಬರಲಿಲ್ಲಂದ್ರ ಹೊಸಬ್ರು ಬರಬೇಕು, ಬ್ಯಾಸಗಿ ರಜ ಬರ್ತೈತಿ, ಜೂನ್ ಮಟ ಮರ್ತುಬಿಡ್ರಿ.”

“ನಾ ಹೋಗಿ ಸರಿ ಮಾಡ್ತೀನ್ರಿ.”

“ಮತ್ತ ಕೋರ್ಟು?”

“ನಾನೂ ವಿಡಿಯೋದಾಗ ಬಂದ್ರ ನಡೀತೈತೇನ್ರಿ?”

“ಕೇಳಿ ಹೇಳ್ತೀನಿ. ನಡೀಬಹುದು.”

ಜೂನ್ ತನಕ ಮದುವೆ ಉಳಿದರೆ ಏನಾಗುತ್ತದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಏನೂ ಆಗುವುದಿಲ್ಲ. ಇವತ್ತೇ ಮುಗಿದರೆ? ಅದಕ್ಕೂ ಅದೇ ಉತ್ತರ ಬಂತು. ನೆಟ್ ಕೆಟ್ಟಿದೆ ಎಂಬುದೊಂದು ಖಚಿತ. ಕೆಟ್ಟದ್ದನ್ನು ಸರಿ ಮಾಡುವುದು ಅವನಿಗೆ ಬರುತ್ತಿತ್ತು. ಚಹಾ ಬಿಟ್ಟು ಬೈಕನ್ನು ಕಂಪ್ಲಿಯ ಕಡೆ ತಿರುಗಿಸಿದ.

ಆ ಬೈಕು ಮದುವೆಯಲ್ಲಿ ಕೊಟ್ರಯ್ಯ ಕೊಟ್ಟದ್ದು. ಮುಂದಿನ ಗಾಜಿನ ಮೇಲೆ ‘ಶ್ರೀ ಕೊಟ್ಟೂರೇಶ್ವರ ಪ್ರಸನ್ನ’ ಎಂದು ಅವರೇ ಬರೆಸಿದ್ದರು. ಯಾರಿಗೆ ಏನು ಹಿಂದಿರುಗಬೇಕು ಎಂದು ವಕೀಲರು ಮಾಡಿದ ಪಟ್ಟಿಯಲ್ಲಿ ಅದೂ ಇತ್ತು. ಬೆಳ್ಳಿ ಸಾಮಾನಿನ ಕೆಳಗೆ, ಮಂಚದ ಮೇಲೆ.

ಜಂಬುನಾಥ ಕೆಲಸ ಮಾಡುವುದು ಕಂಪ್ಲಿಯ ಒಂದು ಸಣ್ಣ ಇಂಟರ್ನೆಟ್ ಆಫೀಸಿನಲ್ಲಿ. ತಂತಿ ಎಳೆಯಲಾಗದ ಹಳ್ಳಿಗಳಿಗೆ ಇವರು ಗಾಳಿಯ ಮೇಲೆ ನೆಟ್ ಕಳಿಸುತ್ತಾರೆ. ಎತ್ತರದ ಜಾಗದಲ್ಲಿ ಕಂಬ ನೆಟ್ಟು ಬಿಳಿ ತಟ್ಟೆಯಂಥದ್ದನ್ನು ಕಟ್ಟುತ್ತಾರೆ. ಅದಕ್ಕೆ ಇವರು ರೇಡಿಯೋ ಅನ್ನುತ್ತಾರೆ. ಹಾಡು ಹೇಳುವ ರೇಡಿಯೋ ಅಲ್ಲ. ಒಂದು ತಟ್ಟೆ ಕಂಪ್ಲಿಯನ್ನು ನೋಡುತ್ತದೆ, ಬೆನ್ನಿಗಿರುವ ಇನ್ನೊಂದು ತಟ್ಟೆ ಹಳ್ಳಿಯನ್ನು ನೋಡುತ್ತದೆ, ಆ ಕಡೆಯಿಂದ ಬಂದದ್ದನ್ನು ಈ ಕಡೆಗೆ ದಾಟಿಸುತ್ತದೆ. ಎಮ್ಮಿಗನೂರಿನ ಈಚೆಗಿರುವ ಬೋಳಗುಡ್ಡದ ತುದಿಯಲ್ಲಿ ಇಂಥದ್ದೊಂದು ಕಂಬವಿತ್ತು. ಗುಡ್ಡದ ಆಚೆ ಮಗ್ಗುಲಿನ ನಲವತ್ತೊಂದು ಮನೆ, ಒಂದು ಶಾಲೆ, ಕೊಟ್ರಯ್ಯನವರ ಮಿಲ್ಲು, ಎಲ್ಲಕ್ಕೂ ನೆಟ್ ಅದರಿಂದಲೇ.

ಗುಡ್ಡಕ್ಕೆ ಕರೆಂಟಿಲ್ಲ. ಬಿಸಿಲಿನ ಪ್ಯಾನಲ್ಲು, ಕಬ್ಬಿಣದ ಪೆಟ್ಟಿಗೆ, ಒಳಗೊಂದು ಬ್ಯಾಟರಿ. ಮೊದಲು ಅಲ್ಲೊಂದು ಇನ್ವರ್ಟರ್ ಇತ್ತು. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟು ಮಾಡುವುದು, ಆಮೇಲೆ ರೇಡಿಯೋದ ಅಡಾಪ್ಟರು ಅದನ್ನು ಮತ್ತೆ ಬ್ಯಾಟರಿಯ ಕರೆಂಟಿಗೆ ಇಳಿಸುವುದು. ಈ ಹೋಗಿಬರುವುದರಲ್ಲೇ ಅರ್ಧ ಚಾರ್ಜು ಖರ್ಚಾಗಿ, ಮೋಡ ಕವಿದ ದಿನ ಸಂಜೆಗೆಲ್ಲ ಲಿಂಕ್ ಬಿದ್ದು ನೆಟ್ ನಿಲ್ಲುತ್ತಿತ್ತು. ಮದುವೆಯಾದ ಮೊದಲ ತಿಂಗಳು ಜಂಬುನಾಥ ಆ ಇನ್ವರ್ಟರನ್ನು ಕಿತ್ತುಹಾಕಿ, ಹೊಸ ಬ್ಯಾಟರಿ ತಂದು, ಅದರಿಂದ ನೇರವಾಗಿ ರೇಡಿಯೋಗಳಿಗೆ ತಂತಿ ಕೊಟ್ಟ. ಎರಡು ರೇಡಿಯೋ ಸೇರಿ ತಿನ್ನುವುದು ಒಂದು ಬಲ್ಬಿನಷ್ಟೂ ಇಲ್ಲ. ಅಂದಿನಿಂದ ಮೂರು ದಿನ ಬಿಸಿಲಿಲ್ಲದಿದ್ದರೂ ಲಿಂಕ್ ಬೀಳಲಿಲ್ಲ. ಬೇರೆ ಕಡೆ ಎರಡೇ ವರ್ಷಕ್ಕೆ ಸಾಯುವ ಬ್ಯಾಟರಿ ಇಲ್ಲಿ ನಾಲ್ಕಾದರೂ ಗಟ್ಟಿಯಾಗಿತ್ತು. ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಏನು ಮಾಡಿದ್ದೀ ಎಂದು ಯಾರಾದರೂ ಕೇಳಿದ್ದರೆ ಅವನು ಇದನ್ನೇ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ.

ಒಂದೇ ಒಂದು ಕೊರತೆ. ತಿಂಗಳಿಗೊಂದು ದಿನ, ಯಾವ ಕಾರಣವೂ ಇಲ್ಲದೆ, ಬೋಳಗುಡ್ಡದ ಲಿಂಕ್ ಬೆಳಿಗ್ಗೆ ಹೋಗಿ ಸಂಜೆ ತಾನೇ ಬರುತ್ತಿತ್ತು. ಒಂದು ತಿಂಗಳು ಹತ್ತೊಂಬತ್ತಕ್ಕೆ, ಮುಂದಿನ ತಿಂಗಳು ಹದಿನೆಂಟಕ್ಕೆ, ಆಮೇಲೆ ಹದಿನೇಳಕ್ಕೆ. ಅವನು ಮರುದಿನ ಹೋಗಿ ನೋಡಿದರೆ ಎಲ್ಲ ಸರಿಯಿರುತ್ತಿತ್ತು. ಆಫೀಸಿನ ರಿಜಿಸ್ಟರಿನಲ್ಲಿ ‘ಲೋಡ್’, ಅಂದರೆ ಬಳಕೆ ಹೆಚ್ಚಾಯಿತು, ಎಂದು ಬರೆಯುತ್ತಿದ್ದ. ಶಾಂಭವಿ ತವರಿಗೆ ಹೋದಾಗಲೂ ‘ಇವತ್ತೂ ನೆಟ್ ಇಲ್ಲ’ ಎಂದು ಮೆಸೇಜು ಹಾಕುತ್ತಿದ್ದಳು. ‘ನೋಡ್ತೀನಿ’ ಎಂದು ಇವನು ಹಾಕುತ್ತಿದ್ದ.

ಬೋಳಗುಡ್ಡದ ಬುಡದಲ್ಲಿ ಬೈಕ್ ನಿಲ್ಲಿಸಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಬಂಡೆಗಳ ಸಂದಿಯಲ್ಲಿ ಹತ್ತಿದ. ಒಂದೆಡೆ ಕಾಲುವೆ, ಅದರಾಚೆ ನಾಟಿ ಮಾಡಿದ ಭತ್ತದ ಹಸಿರು. ಮಿಲ್ಲಿನ ಚಿಮಣಿಯಲ್ಲಿ ಹೊಗೆ ಇರಲಿಲ್ಲ.

ದುರ್ಗಕ್ಕ ಪೆಟ್ಟಿಗೆಯ ನೆರಳಿಗೆ ಕೂತಿದ್ದಳು. ಗುಡ್ಡದ ಬುಡದಲ್ಲಿ ಅವಳ ಗುಡಿಸಲು, ಸುತ್ತ ಅವಳ ಆಡುಗಳು. ಮಂಗಗಳು ತಂತಿ ಕೀಳದಂತೆ, ಪೆಟ್ಟಿಗೆಯಲ್ಲಿ ಹಾವು ಸೇರದಂತೆ ನೋಡಿಕೊಳ್ಳುವ ಕೆಲಸವನ್ನು ಆಫೀಸಿನವರು ಅವಳಿಗೆ ಒಪ್ಪಿಸಿದ್ದರು. ಬ್ಯಾಟರಿಗೆ ನೀರು ಹಾಕುವುದನ್ನು ಜಂಬುನಾಥನೇ ಕಲಿಸಿದ್ದ.

“ಬರ್ರಿ ಜಂಬಣ್ಣ. ಇವತ್ತ್ಯಾಕ ಬಂದ್ರಿ? ನೀವು ನಾಳಿಗಲ್ಲೇನು ಬರೋದು?”

ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಬ್ಯಾಟರಿಯನ್ನು ಒರೆಸಿ ಮೈ ತುಂಬ ಅರಿಶಿನ ಹಚ್ಚಿ ನಡುವೆ ಕುಂಕುಮ ಇಟ್ಟಿದ್ದಳು. ಮೇಲೆ ಎರಡು ಕಣಗಿಲೆ ಹೂವು, ಮುಂದೆ ಒಡೆದ ತೆಂಗಿನಕಾಯಿ. ಕೆಂಪು ಕ್ಲಿಪ್ಪು ಒಂದು ಕಡೆ, ಕರಿ ಕ್ಲಿಪ್ಪು ಇನ್ನೊಂದು ಕಡೆ, ಒಂದಕ್ಕೊಂದು ತಾಗದಂತೆ ಒಂದೊಂದಕ್ಕೂ ಬಟ್ಟೆ ಸುತ್ತಿ ಇಳಿಬಿಟ್ಟಿದ್ದಳು.

“ಅಕ್ಕಾ, ಇದನ್ನ ಯಾರು ತೆಗ್ದಾರ?”

“ನಾನಾ.”

“ಯಾಕ?”

“ಇವತ್ತು ಅಮಾವಾಸಿ ಅಲ್ಲೇನ್ರಿ.”

ಅವನಿಗೆ ತಿಳಿಯಲಿಲ್ಲವೆಂದು ಅವಳಿಗೆ ತಿಳಿಯಿತು. ಸಣ್ಣ ಹುಡುಗರಿಗೆ ಹೇಳುವಂತೆ ಬಿಡಿಸಿ ಹೇಳಿದಳು.

“ಅಮಾವಾಸಿ ದಿನ ಎತ್ತಿನ ಹೆಗಲಿಗೆ ನೊಗ ಇಡ್ತಾರೇನು? ಇಡಂಗಿಲ್ಲ. ಹಮಾಲ್ರು ಮೂಟಿ ಹೊರ್ತಾರೇನು? ಹೊರಂಗಿಲ್ಲ. ನಿಮ್ಮ ಮಾವನ ಮಿಲ್ಲಾ ಬಂದ್. ಇದಕ್ಕ ಬಾಯಿಲ್ಲ ಅಂತ ಹಗಲೂ ರಾತ್ರಿ ದುಡಿಸಿದ್ರ ಆತೇನು? ತಿಂಗಳಿಗೊಂದಿನ ಹೊತ್ತು ಮುಣುಗೋ ಮಟ ಬಿಟ್ಟು, ಮೈ ತೊಳ್ದು, ಆಮ್ಯಾಲೆ ಹಚ್ತೀನಿ.”

“ಎಷ್ಟು ದಿನದಿಂದ?”

“ನೀವು ತಂದಿಟ್ಟಾಗಿಂದ.”

“ನನಗ್ಯಾಕ ಹೇಳಿಲ್ಲ?”

“ನೀವ್ಯಾವಾಗ ಕೇಳಿದ್ರಿ? ಬರ್ತೀರಿ, ಪೆಟಗಿ ನೋಡ್ತೀರಿ, ಹೋಗ್ತೀರಿ.” ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. “ಕರೇದು ಮೊದ್ಲು ಬಿಚ್ಚಬೇಕು, ಕೆಂಪುದು ಮೊದ್ಲು ಹಚ್ಚಬೇಕು. ನೀವಾ ಕಲಿಸಿದ್ದು. ಒಮ್ಮಿನೂ ಕಿಡಿ ಹಾರಿಲ್ಲ. ಆ ತುದಿಗೆ ಬೆಳ್ಳಗ ಹಿಟ್ಟು ಹಿಟ್ಟು ಕಟ್ತೈತೆಲ್ಲ, ಅದನ್ನೂ ಬಿಸಿನೀರಾಗ ತೊಳೀತೀನಿ.”

ಹತ್ತೊಂಬತ್ತು, ಹದಿನೆಂಟು, ಹದಿನೇಳು. ಅಮಾವಾಸ್ಯೆ ಇಂಗ್ಲಿಷ್ ತಾರೀಖಿನ ಮೇಲೆ ನಿಲ್ಲುವುದಿಲ್ಲ. ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ಅಂಕಿಗಳ ಪಕ್ಕ ಕರಿ ಚುಕ್ಕೆ ಇರುತ್ತಿತ್ತು. ನಾಲ್ಕು ವರ್ಷ ಅವನು ಅಂಕಿ ನೋಡಿದ್ದ, ಚುಕ್ಕೆ ನೋಡಿರಲಿಲ್ಲ. ಬ್ಯಾಟರಿ ಇಷ್ಟು ದಿನ ಬಾಳಿದ್ದು ಇನ್ವರ್ಟರ್ ತೆಗೆದಿದ್ದಕ್ಕೋ ತಿಂಗಳಿಗೊಮ್ಮೆ ಯಾರೋ ಅದರ ತುದಿಗಳನ್ನು ತೊಳೆದದ್ದಕ್ಕೋ, ಅದೂ ಈಗ ಗೊತ್ತಾಗುವಂತಿರಲಿಲ್ಲ. ಇದ್ದ ಒಂದು ಹೆಮ್ಮೆಯೂ ಅರ್ಧವಾಯಿತು. ಅದರಿಂದಲೂ ಅವನಿಗೆ ವಿಶೇಷವೇನೂ ಅನ್ನಿಸಲಿಲ್ಲ.

“ಇವತ್ತೊಂದಿನ ಹಚ್ಚಬೇಕಾಗೈತಿ ಅಕ್ಕಾ. ಹನ್ನೆರಡಕ್ಕ ಕೋರ್ಟಿನ ಕೆಲಸ ಐತಿ. ವಿಡಿಯೋದಾಗ.”

“ಯಾರ್ದು? ಹೊಲದ್ದೇನು?”

“ನಂದಾ. ನಂದು, ನನ್ನ ಹೆಂಡ್ತಿದು. ಡೈವರ್ಸು.”

ದುರ್ಗಕ್ಕ ಅವನ ಮುಖ ನೋಡಿದಳು. ಆಮೇಲೆ ಬ್ಯಾಟರಿಯ ಮುಖ ನೋಡಿದಳು.

“ರಜ ದಿನ ಎಬ್ಬಿಸಿ,” ಅಂದಳು ನಿಧಾನಕ್ಕೆ, “ಇಂಥ ಕೆಲಸಕ್ಕ ಹಚ್ತೀರೇನು ಇದನ್ನ?”

ಅವಳನ್ನು ಸರಿಸಿ ಕ್ಲಿಪ್ಪು ಹಚ್ಚಲು ಎರಡು ನಿಮಿಷ ಸಾಕಿತ್ತು. ಪೆಟ್ಟಿಗೆ ಆಫೀಸಿನದು, ಬ್ಯಾಟರಿ ಆಫೀಸಿನದು. ಆದರೆ ಅವನ ಕೈ ಹೋಗಲಿಲ್ಲ. ಎಷ್ಟೋ ತಿಂಗಳಲ್ಲಿ ಅವನ ಮುಂದೆ ಯಾರೂ ಇಷ್ಟು ಸ್ಪಷ್ಟವಾಗಿ ಇದು ಮಾಡಬಾರದು ಅಂದಿರಲಿಲ್ಲ.

“ಬೈಕಿನ ಬ್ಯಾಟರಿ ತಂದು ಹಚ್ಚಿದ್ರ?”

“ಅದಕ್ಕೂ ಅಮಾವಾಸಿನಾ.”

“ಅದು ನಂದು ಅಕ್ಕಾ.”

“ನಿಮ್ಮದಿದ್ರ ನಿಮ್ಮ ಪಾಪ ನಿಮಗ. ನಾ ಬ್ಯಾಡ ಅನ್ನಂಗಿಲ್ಲ.”

ಇಳಿಯುವಾಗ ಅವನಿಗೆ ನೆನಪಾಯಿತು, ಅದೂ ತನ್ನದಲ್ಲ. ಪಟ್ಟಿಯಲ್ಲಿದೆ.

ಬೈಕಿನ ಪಕ್ಕದ ಮುಚ್ಚಳ ಬಿಚ್ಚಿ, ಸ್ಪ್ಯಾನರ್ ಹಾಕಿ, ಇಟ್ಟಿಗೆಯಷ್ಟೇ ದೊಡ್ಡದಾದ ಬ್ಯಾಟರಿಯನ್ನು ಹೊರಗೆ ತೆಗೆದ. ಅದನ್ನು ಎದೆಗೆ ಅವಚಿಕೊಂಡು ಮತ್ತೆ ಹತ್ತಿದ. ರೇಡಿಯೋಗಳ ತಂತಿಯನ್ನು ಪೆಟ್ಟಿಗೆಯ ಒಳಗಿನಿಂದ ಬಿಡಿಸಿ ನೇರವಾಗಿ ಅದರ ಎರಡು ತುದಿಗೆ ಕೊಟ್ಟ. ಕೆಂಪುದು ಮೊದಲು. ಎರಡು ತಾಸಿಗೆ ಅನುಮಾನವಿಲ್ಲ, ಆಮೇಲಿನದು ದೇವರಿಗೇ ಗೊತ್ತು. ತಟ್ಟೆಗಳ ಬೆನ್ನಿನ ಸಣ್ಣ ದೀಪಗಳು ಒಂದೊಂದಾಗಿ ಹಸಿರಾದವು. ಅರಿಶಿನ ಹಚ್ಚಿಕೊಂಡ ದೊಡ್ಡ ಬ್ಯಾಟರಿ ಪಕ್ಕದಲ್ಲಿ ಹೂ ಮುಡಿದುಕೊಂಡು ಕೂತಿತ್ತು.

ಹನ್ನೊಂದು ನಲವತ್ತಕ್ಕೆ ಶಾಂಭವಿಯ ವಿಡಿಯೋ ಕಾಲ್ ಬಂತು. ಐದಾರು ತಿಂಗಳ ಮೇಲೆ ಅವಳ ಮುಖ. ಕೂದಲು ಕಟ್ಟಿಕೊಂಡಿದ್ದಳು, ಬಣ್ಣ ಮಾಸಿದ ನೀಲಿ ಸೀರೆ. ಕಾಲು ಚಿತ್ರದೊಳಗೆ ಬರುತ್ತಿರಲಿಲ್ಲ.

“ಬಂತು,” ಅಂದಳು.

“ಹ್ಞೂಂ.”

“ಗುಡ್ಡದ ಮ್ಯಾಲೆ ಅದೀರೇನು?”

“ಹ್ಞೂಂ. ದುರ್ಗಕ್ಕ ಬ್ಯಾಟರಿ ಬಿಚ್ಚಿಟ್ಟಿದ್ಲು. ಅಮಾವಾಸಿಗೆ ರಜ ಕೊಡ್ತಾಳಂತ ಅದಕ್ಕ. ಪ್ರತಿ ಅಮಾವಾಸಿಗೂ.”

ಅವಳ ಬಾಯಿಯ ತುದಿ ಸ್ವಲ್ಪ ಎದ್ದಿತು. “ಹಂಗೇನು. ಅದು ನನಗ ಗೊತ್ತಿದ್ದಿಲ್ಲ. ಅಮಾವಾಸಿ ದಿನ ಹೋಗ್ತೈತಿ ಅಂಬೋದು ಗೊತ್ತಿತ್ತು. ಮಿಲ್ ಪೂಜಿಗೆ ಬಂದಾಗೆಲ್ಲ ಇರ್ತಿದ್ದಿಲ್ಲಲ್ಲ. ನಿಮಗ ಎಷ್ಟು ಸಲ ಹೇಳೀನಿ.”

“ನಾ ಲೋಡ್ ಅನ್ಕೊಂಡಿದ್ದೆ.”

“ಲೋಡ್ ಅಂತಿದ್ರಿ.” ಅವಳು ಎತ್ತಲೋ ನೋಡಿದಳು. “ವಕೀಲ್ರು ಮೂರು ತಾರೀಖು ಕೊಟ್ರಲ್ಲ. ನಾ ಕ್ಯಾಲೆಂಡರ್ ನೋಡಿ ಇದನ್ನ ಆರಿಸ್ದೆ. ಇವತ್ತು ನೆಟ್ ಇರಂಗಿಲ್ಲ ಅಂತ ಗೊತ್ತಿದ್ದಾ ಆರಿಸ್ದೆ.”

ಒಂದು ಆಡು ಬಂದು ತೆಂಗಿನಕಾಯಿಗೆ ಬಾಯಿ ಹಾಕಿತು. ದುರ್ಗಕ್ಕ ಅದನ್ನು ಹೊಡೆದು ಓಡಿಸಿದಳು.

“ಯಾಕ?” ಅಂದ ಜಂಬುನಾಥ.

“ಜೂನ್ ಮಟ ಹೋಗ್ತಿತ್ತು. ಜೂನ್‌ನಾಗ ಏನ್ ಮಾಡ್ತಿದ್ದೆ, ನನಗೂ ಗೊತ್ತಿಲ್ಲ. ನೋಡೋಣು ಅನ್ಕೊಂಡೆ.” ಆಮೇಲೆ ಕೇಳಿದಳು. “ನೀವು ಕೋರ್ಟಿಗೆ ಹೊಂಟಿದ್ರಿ ಅಲ್ಲೇನು?”

“ಬುಕ್ಕಸಾಗರದ ಮಟ ಹೋಗಿದ್ದೆ.”

“ಅಲ್ಲಿಂದ ತಿರುಗಿ ಬಂದ್ರಿ.”

“ಹ್ಞೂಂ.”

“ನಾಕು ವರ್ಷದಾಗ ಒಮ್ಮಿನೂ ನೆಟ್ ಹೋದ ದಿನ ಬಂದಿದ್ದಿಲ್ಲ ನೀವು. ಮರುದಿನಾನಾ ಬರೋದು.” ಅವಳು ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಚಿತ್ರ ಓಲಾಡಿ ನಿಂತಿತು. “ಇವತ್ತು ಬಂದ್ರಿ. ಆತು ಬಿಡ್ರಿ. ನನಗ ಉತ್ತರ ಸಿಕ್ತು.”

ಅದು ಉತ್ತರವಲ್ಲ, ಕೆಟ್ಟಿತ್ತು ಅಂತ ಸರಿ ಮಾಡಿದೆ, ಅಷ್ಟೆ. ಈ ಮಾತು ಅವನ ಬಾಯಿಗೆ ಬರುವ ದಾರಿಯಲ್ಲಿತ್ತು. ಅದಕ್ಕೂ ಮುಂಚೆ ವಕೀಲರು ಕಳಿಸಿದ ಕೋರ್ಟಿನ ವಿಡಿಯೋ ಲಿಂಕು ಬಂತು. “ನಿಮಗೂ ಬಂತೇನು?” ಅಂದಳು ಶಾಂಭವಿ. “ಬಂತು,” ಅಂದ. ಅವಳು ಕಾಲ್ ಮುಗಿಸಿದಳು.

ಫೋನಿನ ಪರದೆಯಲ್ಲಿ ಕೋರ್ಟಿನ ಕೊಠಡಿ ಅಂಗೈಯಗಲ ಕಾಣುತ್ತಿತ್ತು. ಯಾರದೋ ಆಸ್ತಿಯ ಕೇಸು ನಡೆದಿತ್ತು. ಮೂಲೆಯ ಒಂದು ಚೌಕದಲ್ಲಿ ಶಾಂಭವಿ, ಇನ್ನೊಂದರಲ್ಲಿ ಅವನೇ, ಹಿಂದೆ ಬಂಡೆ ಮತ್ತು ಆಡಿನ ಬಾಲ. ಬೈಕಿನ ಬ್ಯಾಟರಿಗೆ ಕೊಟ್ಟ ಕರಿ ತಂತಿ ಅವನ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಬಿಚ್ಚಿದರೆ ಅವನ ಚೌಕ ಉಳಿಯುತ್ತದೆ, ಅವನ ಫೋನು ಗುಡ್ಡದ ಮೇಲೆ ಮೊಬೈಲ್ ಟವರಿನಿಂದ ನಡೆಯುತ್ತಿತ್ತು. ಅವಳ ಚೌಕ ಕಪ್ಪಾಗುತ್ತದೆ. ‘ಎರಡನೇ ಅರ್ಜಿದಾರರು ಸಂಪರ್ಕದಲ್ಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಜೂನ್. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಾಗುತ್ತದೆ.

ಅವನು ಆ ತಂತಿಯನ್ನೇ ನೋಡಿದ. ಬಿಚ್ಚಬೇಕು ಅನ್ನಿಸುತ್ತದೆಯೇ ಎಂದು ಕಾದ. ಕಾಲು ಜೋಮು ಹಿಡಿದಾಗ ನೆಲಕ್ಕೆ ಊರಿ, ನೆಲ ಇದೆಯೋ ಇಲ್ಲವೋ ಎಂದು ನೋಡುತ್ತಾರಲ್ಲ, ಹಾಗೆ ಒಳಗೆ ಊರಿ ನೋಡಿದ. ಏನೋ ಇದ್ದಂತಿತ್ತು, ಬಹಳ ಕೆಳಗೆ. ಅದು ಮೇಲೆ ಬರಲು ಜೂನ್ ತನಕ ಹಿಡಿಯುತ್ತಿತ್ತೋ ಏನೋ. ಇಲ್ಲಿ ಇದ್ದದ್ದು ಆರು ನಿಮಿಷ.

ಹೆಸರು ಕೂಗಿದರು.

“ಶ್ರೀಮತಿ ಶಾಂಭವಿ, ಕೇಳಿಸ್ತಾ ಇದೆಯಾ? ಯಾರ ಒತ್ತಾಯವೂ ಇಲ್ಲದೆ, ನಿಮ್ಮ ಸ್ವಂತ ಇಚ್ಛೆಯಿಂದ ಒಪ್ಪಿದ್ದೀರಾ?”

“ಹೌದು ಮೇಡಂ.” ದನಿ ತುಂಡಾಗದೆ ಬಂತು. ಲಿಂಕ್ ಗಟ್ಟಿಯಾಗಿತ್ತು.

“ಶ್ರೀ ಜಂಬುನಾಥ?”

“ಹೌದು ಮೇಡಂ.”

“ಆದೇಶ ಆಮೇಲೆ ಕಳಿಸ್ತಾರೆ. ಮುಂದಿನ ಕೇಸು.”

ಎಲ್ಲ ಸೇರಿ ಎರಡೂವರೆ ನಿಮಿಷ. ದುರ್ಗಕ್ಕ ಅಷ್ಟೂ ಹೊತ್ತು ಬೇರೆ ಕಡೆ ಮುಖ ಮಾಡಿ ಕೂತಿದ್ದಳು.

“ಆತೇನು?”

“ಆತು.”

“ಇಷ್ಟಾನಾ?”

“ಇಷ್ಟಾ.”

ಅವಳು ಕಾಯಿಯ ಒಂದು ಚೂರು ಒಡೆದು ಅವನ ಕೈಗೆ ಕೊಟ್ಟಳು. ಅವನು ತಿಂದ. ಬೈಕಿನ ಬ್ಯಾಟರಿಯ ತಂತಿ ಬಿಚ್ಚಿದ, ಕರೇದು ಮೊದಲು. ಹಸಿರು ದೀಪಗಳು ಆರಿದವು. ನಲವತ್ತೊಂದು ಮನೆಯ ನೆಟ್ ಮತ್ತೆ ಹೋಯಿತು. ರೇಡಿಯೋಗಳ ತಂತಿಯನ್ನು ಪೆಟ್ಟಿಗೆಯೊಳಗೆ ಮೊದಲಿದ್ದಲ್ಲಿಗೇ ಸೇರಿಸಿದ. ದೊಡ್ಡ ಬ್ಯಾಟರಿಯ ಕ್ಲಿಪ್ಪುಗಳನ್ನು ಅವನು ಮುಟ್ಟಲಿಲ್ಲ. ಬಟ್ಟೆ ಸುತ್ತಿದ್ದು ಸಡಿಲಾಗಿತ್ತು, ಅದನ್ನು ಬಿಗಿದು ಬಾಗಿಲು ಮುಚ್ಚಿದ.

“ಹೊತ್ತು ಮುಣುಗಿದ ಮ್ಯಾಲೆ ಹಚ್ಚಕ್ಕಾ.”

“ನಾ ಹಚ್ತೀನಿ. ನೀವು ಹುಷಾರಾಗಿ ಇಳೀರಿ.”

ಬ್ಯಾಟರಿ ಮತ್ತೆ ಕೂರಿಸಿದ ಮೇಲೆ ಬೈಕು ಗುಂಡಿ ಒಮ್ಮೆ ಒತ್ತಿದ್ದಕ್ಕೇ ಶುರುವಾಯಿತು. ಮಿಲ್ಲು ಅಲ್ಲಿಂದ ಐದು ನಿಮಿಷದ ದಾರಿ. ಅಂಗಳದಲ್ಲಿ ಹಮಾಲರಿಲ್ಲ, ಲಾರಿಯಿಲ್ಲ, ತೌಡಿನ ವಾಸನೆ ಮಾತ್ರ. ಕೊಟ್ರಯ್ಯ ಆಫೀಸಿನ ಕಟ್ಟೆಯ ಮೇಲೆ ಹೊಸ ವಿಭೂತಿಯಲ್ಲಿ ಕೂತಿದ್ದರು. ಇವನು ಬೈಕನ್ನು ನೆರಳಿಗೆ ನಿಲ್ಲಿಸಿ ಕೀಲಿ ಅವರ ಮುಂದಿಟ್ಟ.

“ಇವತ್ತಾ ಕೊಡಬೇಕಂತ ಏನಿತ್ತು,” ಅಂದರು ಅವರು. ಕೀಲಿಯನ್ನು ಎತ್ತಿಕೊಳ್ಳಲಿಲ್ಲ. “ನೆಟ್ ಮತ್ತ ಹೋಗೈತಿ.”

“ಸಂಜಿಗೆ ಬರ್ತೈತ್ರಿ.”

“ಕುಂದ್ರಿ. ಚಾ ತರಸ್ತೀನಿ.” ಅವರು ಒಳಗೆ ಹೋದರು. ಚಹಾ ಹೇಳುವುದಕ್ಕೆ ಒಳಗೆ ಹೋಗಬೇಕಾದ ಅಗತ್ಯ ಅವರಿಗೆ ಯಾವತ್ತೂ ಇರಲಿಲ್ಲ, ಕೂತಲ್ಲಿಂದಲೇ ಕೂಗುವವರು.

ಬಾಗಿಲ ಬಳಿಯ ಕುರ್ಚಿಯಲ್ಲಿ ಶಾಂಭವಿ ಕೂತಿದ್ದಳು, ಪ್ಲಾಸ್ಟರಿನ ಬಿಳಿ ಕಾಲನ್ನು ಅಕ್ಕಿಯ ಮೂಟೆಯೊಂದರ ಮೇಲೆ ಚಾಚಿಕೊಂಡು.

“ಕೈ ಕೊಯ್ಕೊಂಡೀರಿ,” ಅಂದಳು.

ಅವನು ನೋಡಿಕೊಂಡ. ಬಲಗೈಯ ಬೆರಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಸ್ಪ್ಯಾನರ್ ಜಾರಿದ್ದಿರಬೇಕು. ಯಾವಾಗ ಎಂದು ನೆನಪಿರಲಿಲ್ಲ.

“ಶಾಂಭವಿ,” ಅಂದ. “ಅದು ಉತ್ತರ ಅಂತ ಮಾಡಿದ್ದಲ್ಲ. ಕೆಟ್ಟಿತ್ತು, ಸರಿ ಮಾಡಿದೆ. ಬ್ಯಾರೆ ಏನೂ ಇದ್ದಿಲ್ಲ ಅದರಾಗ.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಹುಶಃ ಅವಳಿಗೂ ಸಿಟ್ಟು ಎಲ್ಲಿಟ್ಟಿದ್ದೆ ಎಂದು ಮರೆತಿತ್ತು.

“ಗೊತ್ತ್ರಿ,” ಅಂದಳು. “ಅದಕ್ಕಾ ಹೌದು ಅಂದೆ.”

ಚಹಾ ಬರುವ ಮುಂಚೆ ಅವನು ಹೊರಟ. ಕಾಲುವೆಯ ಏರಿಯ ಮೇಲೆ ನಡೆದರೆ ಎಮ್ಮಿಗನೂರಿನ ಬಸ್ ನಿಲ್ದಾಣ ಎರಡು ಕಿಲೋಮೀಟರು. ಗದ್ದೆಯಲ್ಲಿ ಯಾರೂ ಇರಲಿಲ್ಲ, ಎತ್ತುಗಳು ಬೇವಿನ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಅರ್ಧ ದಾರಿಯಲ್ಲಿ ಬೆರಳು ಉರಿಯತೊಡಗಿತು. ಮೊದಲು ಸಣ್ಣಗೆ, ಆಮೇಲೆ ಚೆನ್ನಾಗಿಯೇ. ಅವನು ಅದನ್ನು ಬಾಯಲ್ಲಿಟ್ಟುಕೊಂಡು ನಡೆದ.

ಫೋನ್ ಬಂತು. ಆಫೀಸಿನ ಮಾಲೀಕ ಮಲ್ಲೇಶ್.

“ಲೇ ಜಂಬ್ಯಾ, ಬೋಳಗುಡ್ಡ ಮತ್ತ ಡೌನ್ ಐತಿ. ನಡುವ ಒಮ್ಮಿ ಬಂದು ಮತ್ತ ಹೋತಂತ. ಏನ್ ಮಾಡಾಕತ್ತಿ ನೀನು? ಯಾವಾಗ ಬರ್ತೈತಿ?”

“ಹೊತ್ತು ಮುಣುಗಿದ ಮ್ಯಾಲೆ.”

“ಏನ್ ಪ್ರಾಬ್ಲಂ? ಲೋಡೇನು?”

“ಪ್ರಾಬ್ಲಂ ಏನಿಲ್ಲಣ್ಣ,” ಅಂದ ಜಂಬುನಾಥ, ಬೆರಳನ್ನು ಬಾಯಿಂದ ತೆಗೆದು. “ಇವತ್ತು ಅದಕ್ಕ ರಜ.”